ಬೊಚ್ಚೆ ಆಟ: ಗುರಿ ಸುಲಭ, ಅಂದಾಜು ಕಷ್ಟ

ನಾನು ಉರುಳಿಸಿದ ಮೊದಲ ಬೊಚ್ಚೆ ಚೆಂಡು ನಮ್ಮ ವಿಜಯಪುರದ ಮುಲ್ಕ ಮೈದಾನ ತೋಪಿನ ಗುಂಡಿನ ಹಾಗೆ ಹೋಯಿತು. ನೇರವಾಗಿಯೇ ಹೋಯಿತು, ಅದರಲ್ಲಿ ತಪ್ಪಿಲ್ಲ. ಗುರಿಯಾಗಿದ್ದ ಸಣ್ಣ ಚೆಂಡಿನ ಮಗ್ಗುಲಲ್ಲೇ ಹಾದು, ಆ ತುದಿಯ ಹಲಗೆಗೆ ಬಡಿದು, ಹಲಗೆಯನ್ನೂ ಹಾರಿ, ಬೇವಿನ ಮರದ ಬುಡ ಸೇರಿತು. ಪಕ್ಕದಲ್ಲಿ ನಿಂತಿದ್ದ ಅಕ್ಕನ ಮಗ ನಕ್ಕ. "ಮಾಮಾ, ಜೋರ್ ಬ್ಯಾಡ. ಸಾವಕಾಶ."

ಅವನಿಗೆ ಈಗ ಹದಿನೈದು. ವಿಜಯಪುರದ ಒಂದು ವಿಶೇಷ ಮಕ್ಕಳ ಶಾಲೆಗೆ ಹೋಗುತ್ತಾನೆ. ಓದು, ಲೆಕ್ಕ ನಿಧಾನ. ಆದರೆ ಈ ಆಟದಲ್ಲಿ ಅವನ ಕೈ ನನ್ನ ಕೈಗಿಂತ ಬಹಳ ಜಾಣ. ಇಂಥ ಮಕ್ಕಳಿಗೆ, ದೊಡ್ಡವರಿಗೆ ಅಂತಲೇ ಇರುವ ಸ್ಪೆಷಲ್ ಒಲಿಂಪಿಕ್ಸ್‌ನಲ್ಲಿ 'ಯುನಿಫೈಡ್' ಅಂತ ಒಂದು ಪದ್ಧತಿ ಇದೆ. ಬೌದ್ಧಿಕ ಅಂಗವೈಕಲ್ಯ ಇರುವ ಆಟಗಾರ ಮತ್ತು ಇಲ್ಲದ ಜೊತೆಗಾರ ಒಂದೇ ತಂಡದಲ್ಲಿ ಆಡುತ್ತಾರೆ. ಅವನಿಗೆ ಅಂಥ ಒಬ್ಬ ಜೊತೆಗಾರ ಬೇಕಾಗಿದ್ದ. ಭಾನುವಾರ ಸುಮ್ನೆ ಮನೆಯಲ್ಲಿ ಕೂತಿರುವವನು ನಾನೊಬ್ಬನೇ ಅಂತ ಅಕ್ಕ ತೀರ್ಮಾನಿಸಿದಳು. ಹಾಗೆ ನಲವತ್ತು ದಾಟಿದ ಮೇಲೆ ನಾನು ಹೊಸ ಆಟ ಕಲಿಯಲು ಹೋದೆ.

ಹೆಸರು ಕೇಳಿ ಅವ್ವ, "ಅದೇನೋ, ಬೊಚ್ಚುಬಾಯಿ ಆಟಾನಾ?" ಅಂದಳು. ಅಲ್ಲ. ಬೊಚ್ಚೆ ಇಟಲಿಯ ಮಾತು. 'ಬೊಚ್ಚಾ' ಅಂದರೆ ಒಂದು ಚೆಂಡು, 'ಬೊಚ್ಚೆ' ಅಂದರೆ ಹಲವು. ಇಟಲಿಯಿಂದ ವಲಸೆ ಹೋದವರು ಅಮೆರಿಕ, ಅರ್ಜೆಂಟೀನಾ, ಆಸ್ಟ್ರೇಲಿಯಾಗಳಿಗೆ ಈ ಆಟವನ್ನೂ ಕೊಂಡೊಯ್ದರು. ನಮ್ಮ ದೇಶದಲ್ಲಿ ಇದು ಹೆಚ್ಚಾಗಿ ಬೆಳೆದದ್ದು ಸ್ಪೆಷಲ್ ಒಲಿಂಪಿಕ್ಸ್ ದಾರಿಯಲ್ಲಿ. 2024ರ ನವೆಂಬರಿನಲ್ಲಿ ಏಷ್ಯಾ ಪೆಸಿಫಿಕ್ ಮಟ್ಟದ ಬೊಚ್ಚೆ ಮತ್ತು ಬೌಲಿಂಗ್ ಸ್ಪರ್ಧೆ ದೆಹಲಿಯಲ್ಲೇ ನಡೆಯಿತು.

ಇಲ್ಲೊಂದು ಗೊಂದಲ ಬಗೆಹರಿಸಿಬಿಡುತ್ತೇನೆ, ನಾನೇ ಅದರಲ್ಲಿ ಬಿದ್ದಿದ್ದೆ. ಪ್ಯಾರಾಲಿಂಪಿಕ್ಸ್‌ನಲ್ಲಿ 'ಬೊಚ್ಚಾ' ಅನ್ನುವ ಆಟ ಇದೆ. ಅದು ಬೇರೆ. ಅದರಲ್ಲಿ ಚೆಂಡು ಚರ್ಮದ್ದು, ಮೆತ್ತಗೆ, ತೂಕ ಸುಮಾರು 275 ಗ್ರಾಂ. ಸೆರೆಬ್ರಲ್ ಪಾಲ್ಸಿಯಂಥ, ಕೈಕಾಲು ಹಿಡಿತಕ್ಕೆ ಸಿಗದ ತೊಂದರೆ ಇರುವವರು ಕುಳಿತೇ ಆಡುತ್ತಾರೆ. ಕೈ ಎತ್ತಲಾಗದವರು ಇಳಿಜಾರು ಪಟ್ಟಿಯ ಮೇಲಿಂದ ಚೆಂಡು ಬಿಡುತ್ತಾರೆ. ನಾನು ಹೇಳುತ್ತಿರುವ ಬೊಚ್ಚೆಯಲ್ಲಿ ಚೆಂಡು ಗಟ್ಟಿ. ಹಿಂದೆ ಮರದ್ದಿರುತ್ತಿತ್ತು, ಈಗ ಗಟ್ಟಿ ರಾಳದ್ದು. ಅಡ್ಡಳತೆ ಸುಮಾರು 107 ಮಿಲಿಮೀಟರ್, ತೂಕ ಒಂದು ಕಿಲೋಗೆ ಸ್ವಲ್ಪ ಕಡಿಮೆ. ಸುಲಿದ ಸಣ್ಣ ತೆಂಗಿನಕಾಯಿ ಕೈಯಲ್ಲಿ ಹಿಡಿದ ಹಾಗೆ.

ಇಂಥ ಎಂಟು ಚೆಂಡು, ಒಂದು ತಂಡಕ್ಕೆ ನಾಲ್ಕು. ನಮ್ಮವು ಕೆಂಪು, ಎದುರಿನವರವು ಹಸಿರು. ಒಂಬತ್ತನೆಯದು ಸಣ್ಣದು, ದಪ್ಪ ಇಂಡಿ ನಿಂಬೆಹಣ್ಣಿನಷ್ಟು. ಅದರ ಹೆಸರು ಪಲ್ಲಿನೊ. ನಮ್ಮ ಮೈದಾನದ ಹುಡುಗರು ಅದನ್ನು 'ಮರಿ' ಅನ್ನುತ್ತಾರೆ. ನಾನೂ ಹಾಗೇ ಅನ್ನುತ್ತೇನೆ. (ಒಂದು ದಿನ ಮರಿ ಕಳೆದುಹೋಗಿ ನಿಜವಾದ ನಿಂಬೆಹಣ್ಣನ್ನೇ ಇಟ್ಟು ಆಡಿದೆವು. ಅದು ಉರುಳುವುದಿಲ್ಲ, ವಾಲಾಡುತ್ತದೆ. ಎರಡು ಪೆಟ್ಟು ಬಿದ್ದ ಮೇಲೆ ಶರಬತ್ತಿಗೂ ಬರಲಿಲ್ಲ.)

ಆಟ ಇಷ್ಟೇ: ಮರಿಯನ್ನು ಮೊದಲು ಉರುಳಿಸಿ ಬಿಡಬೇಕು. ಆಮೇಲೆ ನಮ್ಮ ಚೆಂಡುಗಳನ್ನು ಅದರ ಹತ್ತಿರ ನಿಲ್ಲಿಸಬೇಕು. ಗೋಲಿಗುಂಡು ಆಡಿದವರಿಗೆ ಅರ್ಧ ಆಟ ಆಗಲೇ ಬರುತ್ತದೆ. ಉಳಿದರ್ಧದಲ್ಲಿ ಎರಡು ಕಡೆ ಎಲ್ಲರೂ ಎಡವುತ್ತಾರೆ: ಯಾರ ಸರದಿ, ಅಂಕ ಎಷ್ಟು.

ಸರದಿ ಮೊದಲು. ನೀನೊಂದು ನಾನೊಂದು ಅಂತ ಆಡುವ ಆಟ ಇದಲ್ಲ. ಟಾಸ್ ಗೆದ್ದವರು ಮರಿ ಬಿಡುತ್ತಾರೆ, ಮೊದಲ ಚೆಂಡನ್ನೂ ಬಿಡುತ್ತಾರೆ. ಕೆಂಪಿನವರು ಬಿಟ್ಟರು ಅಂದುಕೊಳ್ಳಿ. ಈಗ ಹಸಿರಿನವರ ಪಾಳಿ. ಅವರ ಚೆಂಡು ಕೆಂಪಿಗಿಂತ ಹತ್ತಿರ ಬಂದರೆ ಪಾಳಿ ಕೆಂಪಿಗೆ ಹೋಗುತ್ತದೆ. ಬರಲಿಲ್ಲವೋ, ಹಸಿರಿನವರೇ ಇನ್ನೊಂದು ಬಿಡಬೇಕು. ಆಗಲೂ ಆಗಲಿಲ್ಲವೋ, ಮತ್ತೊಂದು. ಅಂದರೆ ದೂರ ಇರುವವರೇ ಆಡುತ್ತಿರಬೇಕು, ಹತ್ತಿರ ಇರುವವರು ಕೈಕಟ್ಟಿ ನೋಡಬಹುದು. ನೀವು ಮೊದಲ ಚೆಂಡನ್ನೇ ಮರಿಗೆ ಅಂಟಿಸಿ ನಿಲ್ಲಿಸಿದರೆ ಎದುರಿನವರ ನಾಲ್ಕೂ ಚೆಂಡು ಬರೀ ಪ್ರಯತ್ನದಲ್ಲೇ ಮುಗಿದುಹೋಗಬಹುದು. ಆಮೇಲೆ ನಿಮ್ಮ ಕೈಯಲ್ಲಿ ಮೂರು ಚೆಂಡು, ತಡೆಯುವವರು ಯಾರೂ ಇಲ್ಲ.

ಈಗ ಅಂಕ. ಎಂಟೂ ಚೆಂಡು ಮುಗಿದ ಮೇಲೆ ಒಂದು ಸುತ್ತು ಆಯಿತು. ಒಂದು ಸುತ್ತಿನಲ್ಲಿ ಒಂದೇ ತಂಡಕ್ಕೆ ಅಂಕ, ಇನ್ನೊಂದಕ್ಕೆ ಸೊನ್ನೆ. ಲೆಕ್ಕ ಹಾಕುವುದಕ್ಕೆ ಮೊದಲು ನೋಡಬೇಕಾದ್ದು ಸೋತವರ ಚೆಂಡು. ಮರಿಗೆ ತೀರ ಹತ್ತಿರ ಕೆಂಪು ಇದೆ, ಅಂದರೆ ಹಸಿರು ಸೋತಿದೆ. ಹಸಿರುಗಳಲ್ಲಿ ಹತ್ತಿರದ್ದು ಯಾವುದು? ಅದು ಮರಿಯಿಂದ ಒಂದೂವರೆ ಅಡಿ ದೂರ ಇದೆ ಅನ್ನಿ. ಮರಿಯನ್ನು ನಡುವೆ ಇಟ್ಟು ಅಷ್ಟು ದೂರಕ್ಕೆ ಮನಸ್ಸಿನಲ್ಲೇ ಒಂದು ವೃತ್ತ ಎಳೆಯಿರಿ. ಅದರ ಒಳಗೆ ಎಷ್ಟು ಕೆಂಪು ಚೆಂಡು ಇವೆಯೋ ಅಷ್ಟು ಅಂಕ. ಎರಡಿದ್ದರೆ ಎರಡು. ಮೂರನೆಯ ಕೆಂಪು ವೃತ್ತದಿಂದ ಒಂದು ಬೆರಳು ಹೊರಗಿದ್ದರೂ ಲೆಕ್ಕಕ್ಕಿಲ್ಲ. ಎರಡೂ ಬಣ್ಣ ಸರಿಸಮ ದೂರದಲ್ಲಿದ್ದರೆ ಆ ಸುತ್ತು ಯಾರಿಗೂ ಇಲ್ಲ. ಸುತ್ತು ಗೆದ್ದವರು ಮುಂದಿನ ಮರಿ ಬಿಡುತ್ತಾರೆ, ಈ ಸಲ ಆಚೆ ತುದಿಯಿಂದ ಈಚೆಗೆ.

ಸ್ಪೆಷಲ್ ಒಲಿಂಪಿಕ್ಸ್ ಅಂಗಳ 60 ಅಡಿ ಉದ್ದ, 12 ಅಡಿ ಅಗಲ. ಸುತ್ತ ಹಲಗೆ. ಇಬ್ಬರ ತಂಡದಲ್ಲಿ ಒಬ್ಬೊಬ್ಬರಿಗೆ ಎರಡೆರಡು ಚೆಂಡು, 12 ಅಂಕ ಮೊದಲು ಮುಟ್ಟಿದವರು ಗೆದ್ದಂತೆ. ಬೇರೆ ಕಡೆ ಅಳತೆ ಬೇರೆ, ಅಂಕ ಬೇರೆ. ಬಯಲಲ್ಲಿ ಹಲಗೆಯೇ ಇಲ್ಲದೆ ಆಡುವವರೂ ಇದ್ದಾರೆ. ಕಲಿಯುವವರು ಇದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಕಿಲ್ಲ.

ತಲೆ ಕೆಡಿಸಿಕೊಳ್ಳಬೇಕಾದ ವಿಷಯ ಬೇರೆ ಇದೆ. ನಾನು ಮೊದಲ ಮೂರು ವಾರ ದಂಡ ಮಾಡಿದ್ದು ಅದು ಗೊತ್ತಿಲ್ಲದೆ.

ಹೊಸಬರೆಲ್ಲ ಗುರಿ ಹಿಡಿಯುತ್ತಾರೆ. ಒಂದು ಕಣ್ಣು ಮುಚ್ಚುತ್ತಾರೆ, ಮಂಡಿ ಬಗ್ಗಿಸುತ್ತಾರೆ, ಮರಿಯನ್ನೇ ದಿಟ್ಟಿಸುತ್ತಾರೆ. ನಾನೂ ಹಾಗೇ ಮಾಡಿದೆ. ಆದರೆ ಚೆಂಡು ಎಡಕ್ಕೋ ಬಲಕ್ಕೋ ತಪ್ಪಿದ್ದು ಕಡಿಮೆ. ತಪ್ಪಿದ್ದೆಲ್ಲ ಉದ್ದದಲ್ಲಿ. ಒಂದೋ ಮುಂದೆ ಓಡಿಹೋಗುವುದು, ಇಲ್ಲ ಅರ್ಧದಲ್ಲೇ ಕೂರುವುದು. ಯಾಕೆ ಅಂತ ಒಂದು ಸಂಜೆ ಲೆಕ್ಕ ಹಾಕಿ ನೋಡಿದೆ.

ಮರಿ 40 ಅಡಿ ದೂರದಲ್ಲಿದೆ ಅಂದುಕೊಳ್ಳಿ. ನಿಮ್ಮ ಕೈ ದಿಕ್ಕಿನಲ್ಲಿ ಒಂದು ಡಿಗ್ರಿ ತಪ್ಪಿತು. ಚೆಂಡು ಮರಿಯಿಂದ ಎಷ್ಟು ಸರಿಯುತ್ತದೆ? ಸುಮಾರು 8 ಇಂಚು, ಅಂದರೆ ಒಂದು ಗೇಣಿಗೂ ಕಡಿಮೆ. ಮೂರು ಡಿಗ್ರಿ ತಪ್ಪಿದರೂ ಎರಡು ಅಡಿ. ಈಗ ದಿಕ್ಕು ಸರಿ ಇದೆ, ಆದರೆ ವೇಗ ನೂರಕ್ಕೆ ಹತ್ತರಷ್ಟು ಹೆಚ್ಚಾಯಿತು ಅನ್ನಿ. ಚೆಂಡು ಎಷ್ಟು ಮುಂದೆ ಹೋಗುತ್ತದೆ? 8 ಇಂಚಲ್ಲ, 8 ಅಡಿ!

ಇದರ ಗುಟ್ಟು ನೆಲದ ಘರ್ಷಣೆಯಲ್ಲಿದೆ. ಉರುಳುವ ಚೆಂಡನ್ನು ನೆಲ ದಾರಿಯುದ್ದಕ್ಕೂ ಹೆಚ್ಚುಕಡಿಮೆ ಒಂದೇ ಸಮ ಹಿಡಿದೆಳೆಯುತ್ತದೆ. ಹಾಗಿದ್ದಾಗ ಚೆಂಡು ಹೋಗುವ ದೂರ ವೇಗದ ವರ್ಗದ ಲೆಕ್ಕದಲ್ಲಿ ಬೆಳೆಯುತ್ತದೆ. ವೇಗ ಎರಡು ಪಟ್ಟಾದರೆ ದೂರ ನಾಲ್ಕು ಪಟ್ಟು. ವೇಗ 1.1 ಪಟ್ಟಾದರೆ ದೂರ 1.21 ಪಟ್ಟು. 40 ಅಡಿಗೆ 21 ಪ್ರತಿಶತ ಸೇರಿಸಿ, ಹತ್ತಿರ ಹತ್ತಿರ 48 ಆಯಿತು. ಬೈಕ್ ಓಡಿಸುವವರಿಗೆ ಇದು ಗೊತ್ತು: ವೇಗ ಸ್ವಲ್ಪ ಹೆಚ್ಚಿದ್ದರೂ ಬ್ರೇಕ್ ಹಾಕಿದ ಮೇಲೆ ಗಾಡಿ ಬಹಳ ದೂರ ಹೋಗಿ ನಿಲ್ಲುತ್ತದೆ. ಎರಡೂ ಒಂದೇ ಲೆಕ್ಕ.

ಅಂದರೆ ಬೊಚ್ಚೆಯಲ್ಲಿ ಕಣ್ಣಿನ ಗುರಿಗಿಂತ ಕೈಯ ಅಂದಾಜು ಮುಖ್ಯ. ಅವ್ವ ಸಾರಿಗೆ ಚಮಚ ಇಲ್ಲದೆ ಉಪ್ಪು ಹಾಕುತ್ತಾಳಲ್ಲ, ಆ ಅಂದಾಜು. ನಮ್ಮ ಕಡೆ ಗಂಡಸರಿಗೆ ಇದು ಒಗ್ಗುವುದು ಕಷ್ಟ ಅಂತ ನನ್ನ ಅನುಮಾನ. ಜಾತ್ರೆಯಲ್ಲಿ ಗುಂಡುಕಲ್ಲು ಎತ್ತುವುದನ್ನು, ಕುಸ್ತಿಯನ್ನು ನೋಡಿ ಬೆಳೆದವರು ನಾವು. ಕಿಲೋ ತೂಕದ ಚೆಂಡು ಕೈಗೆ ಬಂತು ಅಂದರೆ ರಟ್ಟೆ ತಾನೇ ಬಿಗಿಯುತ್ತದೆ. ಬಿಗಿದ ರಟ್ಟೆಗೆ ಅಂದಾಜು ಇರುವುದಿಲ್ಲ.

ಹಾಗಾದರೆ ಅಂದಾಜು ಕಲಿಯುವುದು ಹೇಗೆ? ಇಲ್ಲಿ ನನಗೆ ಪಾಠ ಆದದ್ದು ಹುಡುಗನ ಕೈ ನೋಡಿ. ಅವನು ಚೆಂಡನ್ನು ನೂಕುವುದೇ ಇಲ್ಲ. ಕೈಯನ್ನು ತೊಟ್ಟಿಲಿನ ಹಾಗೆ ಹಿಂದಕ್ಕೆ ತೂಗುತ್ತಾನೆ, ಬಿಡುತ್ತಾನೆ, ಅದು ತಾನೇ ಮುಂದಕ್ಕೆ ಬರುತ್ತದೆ. ಕೆಳಗೆ ಬಂದಾಗ ಚೆಂಡು ಕೈಬಿಟ್ಟು ಹೋಗುತ್ತದೆ. ದೂರ ಹೋಗಬೇಕಾದರೆ ಜೋರು ಮಾಡುವುದಿಲ್ಲ, ಹಿಂದಕ್ಕೆ ಇನ್ನೂ ಸ್ವಲ್ಪ ಎತ್ತರ ತೂಗುತ್ತಾನೆ. ಅಷ್ಟೇ. ಅವನ ಬಳಿ ಮೂರು ಅಳತೆ ಇವೆ: "ಮೊಣಕಾಲು, ಹಿಂಗಿಸೆ, ನಡ." ಹತ್ತಿರದ ಮರಿಗೆ ಮೊಣಕಾಲಿನವರೆಗೆ, ನಡುವಿನದಕ್ಕೆ ಹಿಂಗಿಸೆ, ಅಂದರೆ ಪ್ಯಾಂಟಿನ ಹಿಂದಿನ ಕಿಸೆಯವರೆಗೆ, ಕೊನೆಯದಕ್ಕೆ ನಡದವರೆಗೆ.

ಇದು ಸುಮ್ನೆ ಹುಡುಗಾಟದ ಅಳತೆ ಅಲ್ಲ. ತೂಗುವ ಕೈ ಎಷ್ಟು ಎತ್ತರದಿಂದ ಇಳಿಯುತ್ತದೋ ಅದು ಕೆಳಗೆ ಬಂದಾಗಿನ ವೇಗವನ್ನು ತೀರ್ಮಾನಿಸುತ್ತದೆ. ಎತ್ತರ ಎರಡು ಪಟ್ಟಾದರೆ ವೇಗದ ವರ್ಗ ಎರಡು ಪಟ್ಟಾಗುತ್ತದೆ. ದೂರ ವೇಗದ ವರ್ಗವನ್ನೇ ಅನುಸರಿಸುತ್ತದೆ ಅಂತ ಈಗಷ್ಟೇ ನೋಡಿದೆವು. ಎರಡನ್ನೂ ಜೋಡಿಸಿ: ಎತ್ತರ ಎರಡು ಪಟ್ಟು, ದೂರವೂ ಎರಡೇ ಪಟ್ಟು. ಒಂದು ಗೇಣು ಎತ್ತರಕ್ಕೆ 15 ಅಡಿ ಹೋಗುವ ಚೆಂಡು ಎರಡು ಗೇಣಿಗೆ ಸುಮಾರು 30 ಅಡಿ ಹೋಗುತ್ತದೆ. ರಟ್ಟೆಯ ಬಲದ ಲೆಕ್ಕ ಕಗ್ಗಂಟು, ತೂಗುವ ಎತ್ತರದ ಲೆಕ್ಕ ನೇರ. ಹುಡುಗ ಇದನ್ನು ಯಾವ ಪುಸ್ತಕದಲ್ಲೂ ಓದಿಲ್ಲ. ನಾನು ಕಾಗದದ ಮೇಲೆ ಬರೆದು ತೋರಿಸಿದಾಗ, "ಗೊತ್ತೈತಿ" ಅಂದ.

ಇದಕ್ಕೆ ಶರತ್ತು ಒಂದೇ. ಕೈ ಸಡಿಲ ಇರಬೇಕು, ಮಧ್ಯದಲ್ಲಿ ತಳ್ಳಬಾರದು. ಅಂಗೈ ಮೇಲ್ಮುಖ ಮಾಡಿ ಚೆಂಡನ್ನು ಬೆರಳುಗಳ ಮೇಲೆ ಕೂರಿಸಿಕೊಳ್ಳಿ, ಹಿಂಡಬೇಡಿ. ಬಲಗೈಯವರು ಎಡಗಾಲು ಮುಂದಿಟ್ಟು ಮೊಣಕಾಲು ಚೆನ್ನಾಗಿ ಬಗ್ಗಿಸಬೇಕು, ಕೈ ನೆಲದ ಹತ್ತಿರ ಬರುವಷ್ಟು. ನಿಂತೇ ಬಿಟ್ಟರೆ ಚೆಂಡು ದೊಪ್ ಅಂತ ಬೀಳುತ್ತದೆ. ಬಿದ್ದಲ್ಲಿ ಒಂದಿಷ್ಟು ವೇಗ ನುಂಗಿಹೋಗುತ್ತದೆ, ಎಷ್ಟು ಅಂತ ಪ್ರತಿ ಸಲ ಬೇರೆ. ಚೆಂಡು ಹೋದ ಮೇಲೂ ಕೈ ಮರಿಯ ಕಡೆಗೇ ಚಾಚಿರಲಿ. ದಿಕ್ಕಿಗೆ ಅಷ್ಟು ಸಾಕು. ಮಾರನೆಯ ದಿನ ಸೊಂಟಕ್ಕಿಂತ ತೊಡೆ ನೋಯಬೇಕು. ಸೊಂಟ ನೋವು ಬಂದರೆ ನೀವು ಬಗ್ಗಿದ್ದು ಮೊಣಕಾಲಲ್ಲಿ ಅಲ್ಲ, ಬೆನ್ನಿನಲ್ಲಿ. ನನಗೆ ಬಂದಿತ್ತು.

ಕೈಯ ಅಳತೆ ಕೂತ ಮೇಲೆ ನೆಲ ಬಂದು ಅದನ್ನು ಕೆಡಿಸುತ್ತದೆ. ವಿಜಯಪುರದಲ್ಲಿ ಇದು ಸಣ್ಣ ಮಾತಲ್ಲ. ನಮ್ಮದು ಎರಿ ಮಣ್ಣಿನ ಸೀಮೆ. ಜೋಳಕ್ಕೆ ಬಂಗಾರ, ಬೊಚ್ಚೆಗೆ ಶತ್ರು. ಬೇಸಿಗೆಯಲ್ಲಿ ಬಿರುಕು ಬಿಟ್ಟು ಮರಿಯೇ ಒಳಗೆ ಕೂರುವಷ್ಟು ಸಂದಿ ಆಗುತ್ತದೆ. ಒಂದು ಮಳೆ ಬಿದ್ದರೆ ಚೆಂಡಿಗೆ ಮಣ್ಣು ಮೆತ್ತಿ ಕೆಂಪು ಯಾವುದು ಹಸಿರು ಯಾವುದು ಗೊತ್ತಾಗುವುದಿಲ್ಲ. ನಾವು ಆಡುವ ಅಂಗಳಕ್ಕೆ ಹಾಗಾಗಿ ಮೊದಲು ಗರಸು ಹಾಕಿ, ಮೇಲೆ ಕ್ರಷರ್‌ನಿಂದ ತಂದ ಕಲ್ಲಿನ ಪುಡಿ ಹರವಿ, ನೀರು ಚಿಮುಕಿಸಿ ರೋಲರ್ ಎಳೆದಿದ್ದಾರೆ. ಪುಡಿ ಗಟ್ಟಿಯಾಗಿ ಕೂತಷ್ಟೂ ಚೆಂಡು ನಯವಾಗಿ ಓಡುತ್ತದೆ. ಬೆಳಗಾವಿ ಕಡೆಯ ಕೆಂಪು ಮಣ್ಣಿನ ಮೈದಾನವಾದರೆ ಇಷ್ಟು ಪಾಡು ಬೇಕಿಲ್ಲ ಅನಿಸುತ್ತದೆ.

ಒಂದೇ ಅಂಗಳ ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು. ನೀರು ಚಿಮುಕಿಸಿದ ಹೊಸದರಲ್ಲಿ ನೆಲ ಚೆಂಡನ್ನು ಹಿಡಿಯುತ್ತದೆ, ಒಣಗಿದ ಮೇಲೆ ಬಿಡುತ್ತದೆ. ಬೆಳಗಿನ 'ಹಿಂಗಿಸೆ' ಮಧ್ಯಾಹ್ನ ಮೂರಕ್ಕೆ ಸಲ್ಲುವುದಿಲ್ಲ. ಅದಕ್ಕೇ ಮೊದಲ ಸುತ್ತಿನಲ್ಲಿ ಎದುರಿನವರ ಚೆಂಡನ್ನೂ ನೋಡುತ್ತಿರಬೇಕು. ಎಲ್ಲಿ ನಿಧಾನವಾಯಿತು, ಎಲ್ಲಿ ಎಡಕ್ಕೆ ಜಾರಿತು ಅಂತ. ನಮ್ಮ ಅಂಗಳದಲ್ಲಿ ಬಾವಿ ಕಡೆಗೆ ಒಂದು ಸಣ್ಣ ಇಳುಕಲು ಇದೆ. ಕಣ್ಣಿಗೆ ಕಾಣುವುದಿಲ್ಲ, ಚೆಂಡಿಗೆ ಕಾಣುತ್ತದೆ. ವೇಗ ಇರುವಾಗ ಚೆಂಡು ಅದನ್ನು ಲೆಕ್ಕಿಸುವುದಿಲ್ಲ, ನಿಲ್ಲುವ ಹೊತ್ತಿಗೆ ಆ ಕಡೆ ವಾಲುತ್ತದೆ.

ಇಷ್ಟು ಬಂದರೆ ಆಡಲು ಶುರು ಮಾಡಬಹುದು. ಆಟದ ಚಾತುರ್ಯ ಅಂತ ಹೊಸಬರಿಗೆ ಹೇಳಬೇಕಾದ್ದು ಒಂದೇ: ಚೆಂಡು ಮರಿಯನ್ನು ದಾಟಿ ಹೋಗುವುದಕ್ಕಿಂತ ಮುಂಚೆಯೇ ನಿಲ್ಲುವುದು ವಾಸಿ. ಒಂದು ಅಡಿ ಮುಂಚೆ ನಿಂತ ಚೆಂಡು ಎದುರಿನವರ ದಾರಿಗೆ ಅಡ್ಡ. ಅದಕ್ಕೆ ಯಾರಾದರೂ ಹಿಂದಿನಿಂದ ಬಡಿದರೆ ಅದು ಮರಿಯ ಕಡೆಗೇ ಸರಿಯುತ್ತದೆ, ವೈರಿಯೇ ನಿಮ್ಮ ಕೆಲಸ ಮಾಡಿಕೊಟ್ಟ ಹಾಗೆ. ಒಂದು ಅಡಿ ದಾಟಿ ನಿಂತದ್ದಕ್ಕೆ ಪೆಟ್ಟು ಬಿದ್ದರೆ ಇನ್ನೂ ದೂರ ಹೋಗುತ್ತದೆ. ದೂರ ಒಂದೇ ಆದರೂ ಬೆಲೆ ಒಂದೇ ಅಲ್ಲ.

ಹೊಡೆಯುವ ಆಟವೂ ಇದೆ. ಮೆಲ್ಲಗೆ ಉರುಳಿಸಿ ಹತ್ತಿರ ನಿಲ್ಲಿಸುವುದನ್ನು ಇಟಲಿಯವರು 'ಪುಂತೊ' ಅನ್ನುತ್ತಾರೆ, ರಭಸವಾಗಿ ಬಿಟ್ಟು ಎದುರಿನ ಚೆಂಡನ್ನು ಚದುರಿಸುವುದನ್ನು 'ರಾಫಾ', ಗಾಳಿಯಲ್ಲಿ ಹಾರಿಸಿ ನೇರ ಹೊಡೆಯುವುದನ್ನು 'ವೋಲೊ'. ಕೊನೆಯದನ್ನು ಮೊದಲ ವರ್ಷ ಮರೆತುಬಿಡಿ, ಪಕ್ಕದವರ ಕಾಲಿನ ಮೇಲೆ ದಯೆ ಇರಲಿ. ರಾಫಾ ಹೊಡೆಯುವ ಕೇರಂ ಆಟಗಾರರಿಗೆ ಒಂದು ಎಚ್ಚರಿಕೆ. ಕೇರಂನಲ್ಲಿ ಸ್ಟ್ರೈಕರ್ ಜಾರುತ್ತದೆ, ಇಲ್ಲಿ ಚೆಂಡು ಉರುಳುತ್ತದೆ. ಎದುರಿನ ಚೆಂಡಿಗೆ ನೇರ ಬಡಿದಾಗ ಮುನ್ನುಗ್ಗುವ ವೇಗ ಅದಕ್ಕೆ ದಾಟಿಹೋಗುತ್ತದೆ, ಆದರೆ ಉರುಳುವ ಸುತ್ತು ನಿಮ್ಮ ಚೆಂಡಿನಲ್ಲೇ ಉಳಿಯುತ್ತದೆ. ಹಾಗಾಗಿ ಅದು ಒಂದು ಕ್ಷಣ ತಡೆದು, ಮತ್ತೆ ನಿಧಾನ ಮುಂದೆ ಹೋಗುತ್ತದೆ. ಹೊಡೆದ ಜಾಗದಲ್ಲೇ ನಿಲ್ಲುತ್ತದೆ ಅಂತ ನಂಬಿ ನಾನು ಎರಡು ಸುತ್ತು ಕಳೆದುಕೊಂಡಿದ್ದೇನೆ. ಇನ್ನು ಮರಿಗೇ ಏಟು ಬಿದ್ದರೆ ಎಲ್ಲ ಲೆಕ್ಕ ತಲೆಕೆಳಗು. ಅದು ಹಗುರ, ಜಿಂಕೆಯ ಹಾಗೆ ಓಡುತ್ತದೆ. ಅದು ನಿಂತ ಜಾಗವೇ ಹೊಸ ಗುರಿ. ನಾಲ್ಕು ಚೆಂಡು ಪಕ್ಕದಲ್ಲಿ ಪೇರಿಸಿಟ್ಟವರು ಬಾಯಿ ಬಿಟ್ಟು ನೋಡಬೇಕು.

ಸೆಟ್ ಕೊಳ್ಳುವ ಮೊದಲು ಅಭ್ಯಾಸ ಮಾಡಬೇಕೆನ್ನುವವರಿಗೆ ನನ್ನ ಸಲಹೆ: ಹಾಕಿ ಆಟದ ಚೆಂಡು. ಸಣ್ಣದು, ಹಗುರ, ಆದರೆ ಗಟ್ಟಿ ಮತ್ತು ದುಂಡು. ಕ್ರಿಕೆಟ್ ಚೆಂಡು ಬೇಡ, ಹೊಲಿಗೆಯ ಮೇಲೆ ಹತ್ತಿ ದಾರಿ ತಪ್ಪುತ್ತದೆ. ರಬ್ಬರ್ ಚೆಂಡು ಪುಟಿಯುತ್ತದೆ. ಮರಿ ಇಡುವುದೂ ಬೇಡ ಮೊದಲ ದಿನ. ನೆಲದ ಮೇಲೆ 20, 30, 40 ಅಡಿಗೆ ಮೂರು ಗೆರೆ ಎಳೆಯಿರಿ. ದಿಕ್ಕು ಮರೆತು, ಚೆಂಡನ್ನು ಗೆರೆಯ ಮೇಲೆ ನಿಲ್ಲಿಸುವುದನ್ನಷ್ಟೇ ನೋಡಿ. ಹತ್ತು ಸಲ ಒಂದೇ ಗೆರೆಗೆ ಆಡಬೇಡಿ, 20 ಆದ ಮೇಲೆ 40, ಆಮೇಲೆ 30. ಪಂದ್ಯದಲ್ಲಿ ಮರಿ ಎರಡು ಸಲ ಒಂದೇ ಕಡೆ ಕೂರುವುದಿಲ್ಲ ಅಲ್ವಾ?

2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಭಾರತದ ನಾಲ್ವರು ಹೆಣ್ಣುಮಕ್ಕಳು ಲಾನ್ ಬೌಲ್ಸ್ ಚಿನ್ನ ಗೆದ್ದದ್ದು ನೆನಪಿರಬಹುದು. ಅದು ಬೊಚ್ಚೆಯ ಸೋದರಸಂಬಂಧಿ. ಅಲ್ಲಿ ಹುಲ್ಲಿನ ಹಾಸು, ಚೆಂಡು ಪೂರ್ತಿ ದುಂಡಲ್ಲ, ಬೇಕೆಂದೇ ಒಂದು ಕಡೆ ಬಾಗಿ ಓಡುವಂತೆ ಮಾಡಿರುತ್ತಾರೆ. ಆ ಪಂದ್ಯಗಳ ವಿಡಿಯೋ ಸಿಕ್ಕರೆ ಆಟಗಾರ್ತಿಯರ ಕಣ್ಣು ನೋಡಬೇಡಿ, ಹಿಂದಕ್ಕೆ ತೂಗುವ ಕೈ ನೋಡಿ.

ನಮ್ಮ ಮೈದಾನದಲ್ಲಿ ಜಗಳ ಅಂತ ಆಗುವುದು ಅಳೆಯುವಾಗ. ಕೆಂಪು, ಹಸಿರು ಎರಡೂ ಮರಿಯಿಂದ ಗೇಣಿನಷ್ಟು ದೂರ ಇದ್ದರೆ ಕಣ್ಣು ನಂಬುವಂತಿಲ್ಲ, ನಿಂತ ಕಡೆಗೆ ನ್ಯಾಯ ಹೇಳುತ್ತದೆ. ಚೆಂಡಿನ ಮೈಯಿಂದ ಮರಿಯ ಮೈಗೆ ಅಳೆಯಬೇಕು, ಎರಡರಲ್ಲಿ ಯಾವುದೂ ಅಲುಗಬಾರದು. ಮೊದಮೊದಲು ಗೋಲಿಗುಂಡಿನ ರೂಢಿಯಂತೆ ಗೇಣು ಹಾಕುತ್ತಿದ್ದೆವು. ಹುಡುಗನ ಗೇಣಿಗೂ ನನ್ನ ಗೇಣಿಗೂ ಒಂದು ಇಂಚು ಅಂತರ. ನಮ್ಮ ಚೆಂಡು ಅಳೆಯುವಾಗ "ಮಾಮಾ, ನೀ ಹಾಕು" ಅನ್ನುವನು. ಎದುರಿನವರದ್ದಕ್ಕೆ ತಾನೇ ಕುಕ್ಕರಗಾಲಲ್ಲಿ ಕೂತು ತನ್ನ ಸಣ್ಣ ಗೇಣು ಹಾಕುವನು. ಇದು ಎದುರಿನವರಿಗೆ ಗೊತ್ತಾಗಲು ಎರಡು ಭಾನುವಾರ ಹಿಡಿಯಿತು. ಈಗ ನನ್ನ ಕಿಸೆಯಲ್ಲಿ ದರ್ಜಿಯ ಟೇಪು ಇರುತ್ತದೆ.